ಮಾಸ್‌ಫೆಟ್‌ನ ಕಾಣದ ಕಾಲು

ಐಆರ್‌ಎಫ್ 540ಎನ್ ಎಂಬ ಮಾಸ್‌ಫೆಟ್ ಒಂದನ್ನು ಅಂಗಡಿಯಿಂದ ತನ್ನಿ. ಅಕ್ಷರ ಅಚ್ಚಾದ ಮುಖ ನಿಮ್ಮ ಕಡೆಗೆ, ಕಾಲುಗಳು ಕೆಳಕ್ಕೆ ಬರುವಂತೆ ಹಿಡಿದರೆ ಎಡದಿಂದ ಬಲಕ್ಕೆ ಗೇಟ್, ಡ್ರೇನ್, ಸೋರ್ಸ್. ಮೊದಲು ಗೇಟ್‌ಗೂ ಸೋರ್ಸ್‌ಗೂ ಒಂದು ತುಂಡು ತಂತಿ ಮುಟ್ಟಿಸಿ ತೆಗೆಯಿರಿ. ಗೇಟ್‌ನಲ್ಲಿ ಹಳೆಯ ಚಾರ್ಜ್ ಉಳಿದಿದ್ದರೆ ಇಳಿದುಹೋಗಲಿ. ಇದನ್ನು ಮರೆತರೆ ಮುಂದಿನ ಅಳತೆ ದಾರಿ ತಪ್ಪಿಸೀತು. ಈಗ ಮಲ್ಟಿಮೀಟರನ್ನು ಡಯೋಡ್ ಪರೀಕ್ಷೆಗೆ ತಿರುಗಿಸಿ, ಕೆಂಪು ಪ್ರೋಬನ್ನು ಡ್ರೇನ್‌ಗೆ, ಕಪ್ಪನ್ನು ಸೋರ್ಸ್‌ಗೆ ಇಡಿ. ಏನೂ ಹರಿಯುವುದಿಲ್ಲ. ಅದಲುಬದಲು ಮಾಡಿ: ಅರ್ಧ ವೋಲ್ಟ್‌ನ ಆಸುಪಾಸಿನ ಸಂಖ್ಯೆ ಬರುತ್ತದೆ.

ಗೇಟ್‌ಗೆ ವೋಲ್ಟೇಜ್ ಕೊಡದಿದ್ದರೆ ಸ್ವಿಚ್ ಬಂದ್ ಎಂದು ಓದಿಕೊಂಡು ಬಂದವರು ಇಲ್ಲಿ ಮಾಸ್‌ಫೆಟ್ಟೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಒಳಗೊಂದು ಡಯೋಡ್ ಇದೆ. ಅದನ್ನು ಯಾರೂ ಬೇಕೆಂದು ಕೂರಿಸಿದ್ದಲ್ಲ.

ಅದು ಎಲ್ಲಿಂದ ಬಂತು ಎಂದು ತಿಳಿಯಲು ಸರಳವಾದ ಎನ್-ಚಾನೆಲ್ ಮಾಸ್‌ಫೆಟ್ ಒಂದನ್ನು ಬಿಡಿಸಿ ನೋಡೋಣ. ಪಿ ಮಾದರಿಯ ಸಿಲಿಕಾನ್ ತಳ, ಅದರ ಮೇಲ್ಮೈಯಲ್ಲಿ ಎನ್ ಮಾದರಿಯ ಎರಡು ಪ್ರದೇಶಗಳು, ಅವುಗಳ ನಡುವಿನ ಜಾಗದ ಮೇಲೆ ತೆಳುವಾದ ಆಕ್ಸೈಡ್, ಅದರ ಮೇಲೆ ಗೇಟ್. ತಳಕ್ಕೆ ಬಾಡಿ ಎಂದು ಹೆಸರು. ಮಾಸ್‌ಫೆಟ್‌ನ ನಾಲ್ಕನೇ ಕಾಲು ಅದೇ. ಈ ಚಿತ್ರದಲ್ಲಿ ಸೋರ್ಸ್ ಯಾವುದು, ಡ್ರೇನ್ ಯಾವುದು? ಹೇಳಲಾಗದು, ಎರಡೂ ಒಂದೇ ಥರ ಇವೆ. ವೋಲ್ಟೇಜ್ ಕೊಟ್ಟ ಮೇಲೆ ಯಾವುದು ಕೆಳಮಟ್ಟದಲ್ಲಿದೆಯೋ ಅಲ್ಲಿಂದ ಎಲೆಕ್ಟ್ರಾನ್‌ಗಳು ಹೊರಡುತ್ತವೆ, ಅದು ಸೋರ್ಸ್. ಮಾತಿನಲ್ಲಿ ನಂಬಿಕೆ ಬಾರದಿದ್ದರೆ ಸಿಡಿ 4007 ಎಂಬ ಅಗ್ಗದ ಐಸಿ ತೆಗೆದುಕೊಳ್ಳಿ. ಅದರ 3ನೇ ಕಾಲು ಗೇಟ್, 4 ಮತ್ತು 5 ಸೋರ್ಸ್-ಡ್ರೇನ್, ಬಾಡಿ 7ರಲ್ಲಿ ಬೇರೆಯಾಗಿ ಸಿಗುತ್ತದೆ. 4 ಮತ್ತು 5ನ್ನು ತಿರುಗಿಸಿ ಜೋಡಿಸಿದರೂ ಅದು ಮೊದಲಿನಂತೆಯೇ ಕೆಲಸ ಮಾಡುತ್ತದೆ.

ಒಂದೇ ಷರತ್ತು, 7ನೇ ಕಾಲು ಸರ್ಕ್ಯೂಟಿನ ಅತಿ ಕೆಳಗಿನ ವೋಲ್ಟೇಜಿನಲ್ಲಿರಬೇಕು. ಏಕೆಂದರೆ ಪಿ ಮತ್ತು ಎನ್ ಕೂಡಿದಲ್ಲೆಲ್ಲ ಡಯೋಡ್ ಹುಟ್ಟುತ್ತದೆ. ಬಾಡಿಯಿಂದ ಸೋರ್ಸ್‌ಗೆ ಒಂದು, ಬಾಡಿಯಿಂದ ಡ್ರೇನ್‌ಗೆ ಇನ್ನೊಂದು. ಬಾಡಿ ಕೆಳಗಿರುವವರೆಗೆ ಎರಡೂ ರಿವರ್ಸ್ ಬಯಾಸ್‌ನಲ್ಲಿದ್ದು ತೆಪ್ಪಗಿರುತ್ತವೆ. ಅಂದ ಹಾಗೆ, ಮಾಸ್‌ಫೆಟ್ ಚಿಹ್ನೆಯ ನಡುವಿನ ಬಾಣ ಡ್ರೇನ್ ಕರೆಂಟಿನ ದಿಕ್ಕು ಎಂದು ಎಷ್ಟೋ ಮಂದಿ ತಿಳಿದಿರುತ್ತಾರೆ. ಅದು ತೋರಿಸುವುದು ಈ ಪಿಎನ್ ಕೂಡಿಕೆಯನ್ನು: ಬಾಣದ ಬುಡ ಪಿ, ಮೊನೆ ಎನ್. ಎನ್-ಚಾನೆಲ್‌ನಲ್ಲಿ ಮೊನೆ ಒಳಮುಖವಾಗಿರುವುದು ಇದಕ್ಕೇ.

ಇನ್ನು 540ಎನ್‌ಗೆ ಬರೋಣ. ಅದಕ್ಕೆ ಮೂರೇ ಕಾಲು. ಬಾಡಿಯನ್ನು ಒಳಗೇ ಲೋಹದಿಂದ ಸೋರ್ಸ್‌ಗೆ ಬೆಸೆದಿದ್ದಾರೆ, ಅದಕ್ಕೆ ಗಟ್ಟಿ ಕಾರಣವೂ ಇದೆ. ಸೋರ್ಸ್, ಬಾಡಿ, ಡ್ರೇನ್ ಎಂದರೆ ಎನ್-ಪಿ-ಎನ್. ಅಂದರೆ ಮಾಸ್‌ಫೆಟ್‌ನ ಹೊಟ್ಟೆಯಲ್ಲೇ ಒಂದು ಬೈಪೋಲಾರ್ ಟ್ರಾನ್ಸಿಸ್ಟರ್, ಬಾಡಿಯೇ ಅದರ ಬೇಸ್. ಬೇಸನ್ನು ತೇಲಲು ಬಿಟ್ಟರೆ, ಡ್ರೇನ್ ವೋಲ್ಟೇಜ್ ಸರಕ್ಕನೆ ಏರಿದಾಗ ಅದು ಆನ್ ಆಗಿಬಿಡಬಹುದು. ಆಮೇಲೆ ಗೇಟ್ ಹೇಳಿದ ಮಾತು ನಡೆಯುವುದಿಲ್ಲ. ಬೆಸೆದಾಗ ಆ ಕಾಟ ಬಹುಮಟ್ಟಿಗೆ ತಪ್ಪಿತು, ಸೋರ್ಸ್ ಕಡೆಯ ಡಯೋಡೂ ಶಾರ್ಟ್ ಆಗಿ ಇಲ್ಲವಾಯಿತು. ಡ್ರೇನ್ ಕಡೆಯದು ಉಳಿಯಿತು, ಅದರ ಆನೋಡ್ ಈಗ ಸೋರ್ಸ್ ಕಾಲಿನಲ್ಲಿದೆ. ಮೀಟರ್ ಕಂಡದ್ದು ಇದನ್ನೇ. ಡ್ರೇನ್-ಸೋರ್ಸ್ ಸಮಾನತೆ ಮುರಿದದ್ದೂ ಇಲ್ಲೇ. ಅಲ್ಲದೆ ಪವರ್ ಮಾಸ್‌ಫೆಟ್‌ನಲ್ಲಿ ಡ್ರೇನ್ ಚಿಪ್ಪಿನ ಅಡಿಗಿದ್ದು, 100 ವೋಲ್ಟ್ ತಾಳಲೆಂದು ಅಲ್ಲೊಂದು ದಪ್ಪನೆಯ, ಕಡಿಮೆ ಡೋಪಿಂಗ್‌ನ ಪದರವಿರುತ್ತದೆ. ಬಾಡಿಯನ್ನು ಬಿಡಿಸಿ ಹೊರಗೆ ತಂದರೂ ಎರಡು ತುದಿಗಳು ಸಮನಾಗುವುದಿಲ್ಲ.

ಆದರೆ ಚಾನೆಲ್‌ಗೆ ಈ ಭೇದ ಅಷ್ಟಾಗಿ ಇಲ್ಲ. ಗೇಟ್ ಆನ್ ಇದ್ದರೆ ಕರೆಂಟ್ ಸೋರ್ಸ್‌ನಿಂದ ಡ್ರೇನ್‌ಗೂ ಆರಾಮವಾಗಿ ಹರಿಯುತ್ತದೆ. 10 ಆಂಪಿಯರ್ ಬಾಡಿ ಡಯೋಡ್ ಮೂಲಕ ಹೋದರೆ, ಸುಮಾರು 0.8 ವೋಲ್ಟ್ ಕುಸಿತಕ್ಕೆ 8 ವ್ಯಾಟ್ ಶಾಖ. ಅದೇ ಕರೆಂಟ್ 44 ಮಿಲಿಓಮ್‌ನ ಚಾನೆಲ್‌ನಲ್ಲಿ ಹೋದರೆ 4.4 ವ್ಯಾಟ್. ಡಿಸಿ-ಡಿಸಿ ಕನ್ವರ್ಟರುಗಳಲ್ಲಿ ಡಯೋಡಿನ ಜಾಗಕ್ಕೆ ಮಾಸ್‌ಫೆಟ್ ಹಾಕಿ, ಸರಿಯಾದ ಹೊತ್ತಿಗೆ ಗೇಟ್ ಆನ್ ಮಾಡುವುದು ಈ ಉಳಿತಾಯಕ್ಕಾಗಿಯೇ.

ಈ ಬಾಡಿ ಡಯೋಡನ್ನು ಪರಾವಲಂಬಿ ಡಯೋಡ್ ಎಂದು ಕರೆಯುವುದು ರೂಢಿ. ನನಗೇನೋ ಆ ಬೈಗುಳ ಸ್ವಲ್ಪ ಹೆಚ್ಚಾಯಿತು ಅನ್ನಿಸುತ್ತದೆ. ಲಿಥಿಯಂ ಬ್ಯಾಟರಿಯ ರಕ್ಷಣಾ ಬೋರ್ಡನ್ನೇ ನೋಡಿ. ಒಂದೇ ಮಾಸ್‌ಫೆಟ್ ಎರಡೂ ದಿಕ್ಕಿನ ಕರೆಂಟನ್ನು ತಡೆಯಲಾರದು, ಡಯೋಡ್ ಒಂದು ಕಡೆಗೆ ಬಿಟ್ಟುಕೊಡುತ್ತದೆ. ಆದ್ದರಿಂದ ಎರಡು ಮಾಸ್‌ಫೆಟ್‌ಗಳ ಡ್ರೇನ್‌ಗಳನ್ನು ಕೂಡಿಸಿ, ಡಯೋಡ್‌ಗಳು ಎದುರುಬದುರಾಗುವಂತೆ ಇಡುತ್ತಾರೆ. 8205ಎ ಎಂಬ ಬಿಡಿಭಾಗದಲ್ಲಿ ಈ ಜೋಡಿ ಒಂದೇ ಕವಚದಲ್ಲಿ ಸಿಗುತ್ತದೆ. ಬ್ಯಾಟರಿ ತೀರಾ ಇಳಿದಾಗ ರಕ್ಷಣಾ ಐಸಿ ಡಿಸ್ಚಾರ್ಜ್ ಕಡೆಯ ಮಾಸ್‌ಫೆಟ್ಟನ್ನು ಮಾತ್ರ ಬಂದ್ ಮಾಡುತ್ತದೆ. ಚಾರ್ಜರ್ ಚುಚ್ಚಿದೊಡನೆ ಮೊದಲ ಕರೆಂಟ್ ಆ ಬಂದ್ ಆದ ಮಾಸ್‌ಫೆಟ್‌ನ ಬಾಡಿ ಡಯೋಡ್ ಹಾದೇ ಸೆಲ್ಲನ್ನು ತುಂಬತೊಡಗುತ್ತದೆ.