ನೆಲನೆಲ್ಲಿ ಯಾವುದು? ಕಾಯಿ ತಿರುಗಿಸಿ ನೋಡಿ

ಮಳೆಗಾಲದಲ್ಲಿ ಕುಮಟಾ ತಾಲ್ಲೂಕಿನ ಸಂತೆಗುಳಿ ಕಡೆ ಹೋದರೆ ಅಡಿಕೆ ತೋಟದ ಅಂಚು, ಅಂಗಳದ ಮೂಲೆ, ಎಲ್ಲೆಲ್ಲೂ ನೆಲನೆಲ್ಲಿ. ಕಾಮಾಲೆಗೆ ಇದರ ರಸ ಕುಡಿಸೋದು ನಮ್ಮ ಕಡೆಯ ರೂಢಿ. ಆದರೆ ನಾವು ನೆಲನೆಲ್ಲಿ ಅಂತ ಕೀಳುವುದು ಒಂದೇ ಜಾತಿಯ ಗಿಡವನ್ನಲ್ಲ.

ಮೊದಲು ಕಡ್ಡಿಯನ್ನು ಮಗುಚಿ. ಮೇಲಿಂದ ಹುಣಸೆ ಎಲೆಯಂತೆ ಕಂಡರೂ ಇಲ್ಲಿ ಪ್ರತಿಯೊಂದೂ ಪೂರ್ಣ ಎಲೆ. ಅದಕ್ಕೇ ಎಲೆಯ ಬುಡದಲ್ಲಿ ಹೂವು, ಕಾಯಿ ಇರುತ್ತವೆ. ಹುಣಸೆ, ನಾಚಿಕೆಮುಳ್ಳಿನ ಕಿರುಎಲೆಗಳ ಬುಡದಲ್ಲಿ ಹಾಗಿರುವುದಿಲ್ಲ.

ಈಗ ಕಾಯಿ ನೋಡೋಣ.

1. ಕಾಯಿ ನಯವಾಗಿದ್ದು, ಸಣ್ಣ ತೊಟ್ಟಿನಿಂದ ತೂಗುತ್ತಿದ್ದರೆ ಅದು ಫಿಲಾಂತಸ್ ಅಮರಸ್ ಇರಬಹುದು.
2. ಕಾಯಿಗೆ ತೊಟ್ಟು ಇಲ್ಲವೇ ಇಲ್ಲ ಅನ್ನುವಂತಿದ್ದು, ಮೈ ಒರಟಾಗಿದ್ದರೆ ಫಿಲಾಂತಸ್ ಯೂರಿನೇರಿಯಾ. ಇದರ ಎಲೆಯಂಚಿನಲ್ಲಿ ಸಣ್ಣ ಬಿರುಗೂದಲೂ ಇರುತ್ತವೆ.
3. ಬೀಜವನ್ನು ಲೆನ್ಸಿನಲ್ಲಿ ನೋಡಿ. ಅಮರಸ್‌ಗೆ ಉದ್ದುದ್ದ ಗೆರೆ, ಯೂರಿನೇರಿಯಾಗೆ ಅಡ್ಡ ಗೆರೆ.
4. ನಯವಾದ ಕಾಯಿ ಕಂಡ ಕೂಡಲೇ ಅಮರಸ್ ಅಂದುಬಿಡಬೇಡಿ. ಡೆಬಿಲಿಸ್ ಅನ್ನೋ ಜಾತಿಯದ್ದೂ ನಯವೇ. ಕಾಯಿಯ ಬುಡದ ಪುಟ್ಟ ಎಸಳು ಎಣಿಸಿ: ಅಮರಸ್‌ಗೆ ಸಾಮಾನ್ಯವಾಗಿ 5, ಡೆಬಿಲಿಸ್‌ಗೆ 6.

ಗಿಡದ ಎತ್ತರ, ಕಾಂಡದ ಕೆಂಪು ಬಣ್ಣ ನಂಬಬೇಡಿ. ಬಿಸಿಲು, ನೆರಳಿಗೆ ತಕ್ಕಂತೆ ಅವು ಬದಲಾಗುತ್ತವೆ. ರಾತ್ರಿ ಎಲೆ ಮಡಚುತ್ತದೆ ಅನ್ನೋದೂ ಗುರುತಲ್ಲ, ಅಮರಸ್, ಯೂರಿನೇರಿಯಾ ಎರಡೂ ಮಡಚುತ್ತವೆ. ಯಾವುದಕ್ಕೂ ಹೊಂದದಿದ್ದರೆ ಅದು ಬೇರೆ ಜಾತಿ. ಹೆಸರು ಅಂಟಿಸದೆ ಸುಮ್ಮನೆ ಬಿಡಿ.

ಹೆಸರಿನ ಗೊಂದಲ ಪುಸ್ತಕಗಳಲ್ಲೂ ಇದೆ. ನಮ್ಮ ಹಳೆಯ ಪುಸ್ತಕಗಳು ಇದನ್ನು ಫಿಲಾಂತಸ್ ನಿರೂರಿ ಅನ್ನುತ್ತವೆ. ನಿಜವಾದ ನಿರೂರಿ ಅಮೆರಿಕ ಖಂಡದ ಗಿಡ. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಚೆನ್ನೈ ಅಧ್ಯಯನವೊಂದು, ಅಮರಸ್‌ನಿಂದ ಹೆಪಟೈಟಿಸ್ ಬಿ ವೈರಸ್ ಹೊತ್ತವರಿಗೆ ಗುಣ ಕಂಡಿತೆಂದು ಹೇಳಿತ್ತು. ಆಮೇಲಿನ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಇಂಥ ಕಡೆ ಗಿಡದ ಗುರುತೇ ತಪ್ಪಿದರೆ ಒಂದು ಪ್ರಯೋಗವನ್ನು ಇನ್ನೊಂದರ ಜೊತೆ ಹೋಲಿಸುವುದಕ್ಕೂ ಅರ್ಥವಿಲ್ಲ.

ಇನ್ನೊಂದು ಮಾತು. ಗಿಡ ಸರಿಯಾಗಿ ಗುರುತಿಸಿದ ಮಾತ್ರಕ್ಕೆ ಕಾಯಿಲೆ ಗುರುತಿಸಿದಂತಾಗಲಿಲ್ಲ. ಕಣ್ಣು ಹಳದಿಯಾಗಲು ಪಿತ್ತಕೋಶದ ಕಲ್ಲೂ ಕಾರಣ, ಮಳೆಗಾಲದಲ್ಲಿ ಗದ್ದೆ, ತೋಟದ ನೀರಿನಿಂದ ತಗಲುವ ಇಲಿಜ್ವರವೂ ಕಾರಣ. ಇಲಿಜ್ವರಕ್ಕೆ ಬೇಗ ಆ್ಯಂಟಿಬಯಾಟಿಕ್ ಬೇಕು. ರಸ ಕುಡಿದು ಕಾದರೆ ಮೂತ್ರಪಿಂಡಕ್ಕೇ ಕುತ್ತು. ಮನೆಯಲ್ಲಿ ಯಾರಿಗಾದರೂ ಕಾಮಾಲೆ ಅಂದರೆ ಮೊದಲು ರಕ್ತಪರೀಕ್ಷೆ ಮಾಡಿಸೋಣ. ಲೆನ್ಸು ಹಿಡಿದು ತೋಟಕ್ಕೆ ಆಮೇಲೆ ಹೋಗೋಣ.