ಗೆಳತಿಯರ ಕೂಟ: ನಡುವಯಸ್ಸಿನ ಆರೋಗ್ಯಕ್ಕೊಂದು ನೇಮ

ಕೊಡಗಿನ ಉತ್ತರ ಭಾಗದಲ್ಲಿ ವಾರದ ದಿನಗಳನ್ನೇ ಹೆಸರಾಗಿ ಹೊತ್ತ ಊರುಗಳಿವೆ. ಒಂದು ಸೋಮವಾರಪೇಟೆ, ಇನ್ನೊಂದು ಶನಿವಾರಸಂತೆ. ಜಿಲ್ಲೆಯ ಗಡಿ ದಾಟಿದರೆ ಹಾಸನದ ಕಡೆಗೆ ಶುಕ್ರವಾರಸಂತೆಯೂ ಇದೆ. ಬೆಟ್ಟ, ಕಾಡು, ತೋಟಗಳ ನಡುವೆ ಒಂದೊಂದು ಮನೆ ಒಂದೊಂದು ದಿಕ್ಕಿಗಿರುವ ಸೀಮೆಯಲ್ಲಿ ಜನರು ಒಂದೆಡೆ ಸೇರಬೇಕಾದರೆ ದಿನ ಮೊದಲೇ ಗೊತ್ತಾಗಿರಬೇಕು. ‘ಎಂದಾದರೊಮ್ಮೆ ಸೇರೋಣ’ ಎಂದುಕೊಂಡಿದ್ದರೆ ಸಂತೆ ನೆರೆಯುತ್ತಿರಲಿಲ್ಲ. ನಡುವಯಸ್ಸಿನ ತಾಯಂದಿರ ಆರೋಗ್ಯಕ್ಕೆ ಬೇಕಾದ ಪಾಠವೊಂದು ಈ ಹೆಸರುಗಳಲ್ಲಿದೆ. ಬಹುಕಾಲದ ಗೆಳತಿಯರು ಗೊತ್ತಾದ ದಿನ ತಪ್ಪದೆ ಕೂಡುವುದು ಸಂತೋಷದ ಸಂಗತಿ. ಅದು ದೇಹ ಮನಸ್ಸುಗಳಿಗೆ ಕಾವಲೂ ಹೌದು. ಆ ವಿಷಯವನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ತುಂಬಿದ ಮನೆಯಲ್ಲಿಯೂ ಒಂಟಿತನ

ನಲವತ್ತೈದು ದಾಟಿದ ಗೃಹಿಣಿಯ ದಿನಚರಿಯನ್ನು ಗಮನಿಸಿ. ಮಕ್ಕಳು ಓದು, ಉದ್ಯೋಗಗಳಿಗಾಗಿ ಮೈಸೂರು, ಬೆಂಗಳೂರು ಸೇರಿರುತ್ತಾರೆ. ಮನೆಯ ಹಿರಿಯರು ಹಾಸಿಗೆ ಹಿಡಿಯುವ ಕಾಲವೂ ಅದೇ. ನಮ್ಮ ದೇಶದ ಮಹಿಳೆಯರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ನಿದ್ರೆ ಕೆಡುವುದು, ಮೈ ಇದ್ದಕ್ಕಿದ್ದಂತೆ ಬಿಸಿಯೇರುವುದು, ಕಾರಣವಿಲ್ಲದೆ ಕಣ್ಣು ತುಂಬುವುದು ಆ ಹೊತ್ತಿಗೆ ಕಾಣಿಸಿಕೊಳ್ಳುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ವಿದ್ಯುತ್ತು, ದೂರವಾಣಿಗಳು ಕೈಕೊಟ್ಟರೆ ತೋಟದ ಮನೆ ದ್ವೀಪವಾಗುತ್ತದೆ. ಮಳೆ ಕಳೆಯಿತೆನ್ನುವಷ್ಟರಲ್ಲಿ ಕಾಫಿ ಕೊಯ್ಲು. ಎಲ್ಲರಿಗೂ ‘ಊಟವಾಯಿತೆ’ ಎಂದು ಕೇಳುವವಳು ಆಕೆ. ‘ನೀನು ಹೇಗಿದ್ದೀಯೆ’ ಎಂದು ಆಕೆಯನ್ನು ಕೇಳುವವರು ವಿರಳ. ಹೀಗೆ ಜನ ತುಂಬಿದ ಮನೆಯಲ್ಲಿಯೂ ಒಂಟಿತನ ನೆಲೆಯೂರುತ್ತದೆ.

ವೈದ್ಯಶಾಸ್ತ್ರದ ಮಾತು

ಒಂಟಿತನವನ್ನು ಇಂದು ವೈದ್ಯಶಾಸ್ತ್ರ ಬರಿಯ ಮನಸ್ಸಿನ ಬೇಸರವೆಂದು ತಳ್ಳಿಹಾಕುವುದಿಲ್ಲ. 2010ರಲ್ಲಿ ಅಮೆರಿಕದ ಸಂಶೋಧಕರು 148 ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಒಳಗೊಂಡವರ ಸಂಖ್ಯೆ ಮೂರು ಲಕ್ಷಕ್ಕೂ ಮಿಗಿಲು. ಗಟ್ಟಿಯಾದ ಸ್ನೇಹ, ಸಂಬಂಧಗಳುಳ್ಳವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಂಭವ ಉಳಿದವರಿಗಿಂತ ಶೇಕಡ 50ರಷ್ಟು ಹೆಚ್ಚಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ನೀಡಿದ ವರದಿಯ ಪ್ರಕಾರ ಜಗತ್ತಿನ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ವರ್ಷಕ್ಕೆ ಸುಮಾರು 8,71,000 ಸಾವುಗಳಿಗೆ ಒಂಟಿತನದ ನಂಟಿದೆ ಎಂಬುದು ಅದೇ ವರದಿಯ ಅಂದಾಜು.

ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಶೆಲ್ಲಿ ಟೇಲರ್ ಮತ್ತು ಸಂಗಡಿಗರು 2000ದಲ್ಲಿ ಮಂಡಿಸಿದ ವಿಚಾರವೂ ಇಲ್ಲಿ ಸ್ಮರಣೀಯ. ಕಷ್ಟ ಎದುರಾದಾಗ ಹೋರಾಡುವುದು ಇಲ್ಲವೇ ಓಡುವುದು ಜೀವಿಯ ಸಹಜ ಪ್ರತಿಕ್ರಿಯೆಯೆಂದು ಅಲ್ಲಿಯವರೆಗೆ ಹೇಳಲಾಗುತ್ತಿತ್ತು. ಸ್ತ್ರೀಯರು ಅಂತಹ ಹೊತ್ತಿನಲ್ಲಿ ತಮ್ಮವರನ್ನು ಪೋಷಿಸುವ, ಇತರ ಸ್ತ್ರೀಯರ ಜೊತೆಗೂಡುವ ದಾರಿಯನ್ನು ಹಿಡಿಯುತ್ತಾರೆಂದು ಅವರು ತೋರಿಸಿದರು. ಕೂಟಕ್ಕೆ ಹೋದವರಿಗೆ ರೋಗವೇ ಬಾರದೆಂದು ಇದರ ಅರ್ಥವಲ್ಲ. ಔಷಧ, ವ್ಯಾಯಾಮ, ಪಥ್ಯಗಳ ಸಾಲಿನಲ್ಲಿ ಸ್ನೇಹಕ್ಕೂ ಒಂದು ಸ್ಥಾನವಿದೆ ಎಂದಷ್ಟೇ ನಾವು ತಿಳಿಯಬೇಕು.

ಹಳೆಯ ಗೆಳತಿಯ ಕಣ್ಣು

ಹೊಸ ಪರಿಚಯಕ್ಕಿಲ್ಲದ ಒಂದು ಶಕ್ತಿ ಹಳೆಯ ಗೆಳೆತನಕ್ಕಿದೆ. ಮೆಲ್ಲಮೆಲ್ಲನೆ ಆಗುವ ಬದಲಾವಣೆ ದಿನವೂ ನೋಡುವ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಮೂವತ್ತು ವರ್ಷಗಳಿಂದ ಬಲ್ಲ ಗೆಳತಿ ತಿಂಗಳಿಗೊಮ್ಮೆ ನೋಡಿದಾಗ ಅದು ಥಟ್ಟನೆ ಕಾಣುತ್ತದೆ. ‘ಹೋದ ತಿಂಗಳಿಗಿಂತ ಇಳಿದಿದ್ದೀಯಲ್ಲ’, ‘ನಾಲ್ಕು ಮೆಟ್ಟಿಲಿಗೇ ಏದುಸಿರೇಕೆ’, ‘ಹಾಡುವವಳು ಈಚೆಗೆ ಬಾಯಿ ಬಿಡುವುದಿಲ್ಲವಲ್ಲ’ ಎಂದು ಕೇಳುವವಳು ಅವಳೇ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಮಧುಮೇಹ, ಖಿನ್ನತೆಗಳ ಮೊದಲ ಸುಳಿವು ಎಷ್ಟೋ ಸಲ ಇಂತಹ ಪ್ರಶ್ನೆಗಳಲ್ಲಿರುತ್ತದೆ.

ಪತಿ, ಮಕ್ಕಳ ಮುಂದೆ ಹೇಳಲು ಸಂಕೋಚವೆನಿಸುವ ಮಾತುಗಳೂ ಉಂಟು. ಎದೆಯಲ್ಲಿ ಕೈಗೆ ಸಿಕ್ಕುವ ಗಂಟು, ಮುಟ್ಟು ನಿಂತು ವರ್ಷ ಕಳೆದ ಮೇಲೆ ಮರಳಿ ಕಾಣುವ ರಕ್ತಸ್ರಾವ, ಕೆಮ್ಮಿದರೆ ತಡೆಯಲಾಗದ ಮೂತ್ರ ಅಂತಹವು. ಮೊದಲಿನ ಎರಡನ್ನು ಒಂದು ದಿನವೂ ಮುಚ್ಚಿಡಬಾರದು. ಗೆಳತಿಯ ಕಿವಿಗೆ ಬಿದ್ದ ಮಾತು ವೈದ್ಯರ ಕಿವಿಗೂ ಮುಟ್ಟಬೇಕು. ಜೊತೆಯಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಗೆಳತಿಯ ಧರ್ಮ. ಎರಡು ವಾರ ಮೀರಿಯೂ ಮನಸ್ಸಿನ ಕತ್ತಲು ಹರಿಯದಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅದು ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ನಾಡಿನ ಕೂಟಗಳು

ಇದು ಕೊಡಗಿಗೆ ಹೊಸತಲ್ಲ. ಕೊಡವ ಮಹಿಳೆಯರ ಪೊಮ್ಮಕ್ಕಡ ಕೂಟಗಳಿವೆ. ಕಂಚಿನ ತಾಳ ಹಿಡಿದು ವರ್ತುಲವಾಗಿ ಹೆಜ್ಜೆ ಹಾಕುವ ಉಮ್ಮತ್ತಾಟ್ ಒಬ್ಬಳಿಂದ ಆಗುವ ಕುಣಿತವಲ್ಲ. ಊರೂರಿನ ಮಹಿಳಾ ಸಮಾಜಗಳಿವೆ. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳಲ್ಲಿ ಉಳಿತಾಯದ ನೆಪದಿಂದಲಾದರೂ ಹೆಂಗಸರು ಗೊತ್ತಾದ ದಿನ ಸೇರುತ್ತಾರೆ. ಶರಣ ಸಾಹಿತ್ಯ ಪರಿಷತ್ತಿನ ಕದಳಿ ಮಹಿಳಾ ವೇದಿಕೆಯೂ ಇದೆ. ಹನ್ನೆರಡನೆಯ ಶತಮಾನದ ಶರಣೆಯರು ಅನುಭವಗೋಷ್ಠಿಗಳಲ್ಲಿ ಕುಳಿತು ಮಾತನಾಡಿದ ಪರಂಪರೆ ನಮ್ಮದು. ಹೆಂಗಸರು ಕೂಡಿ ಆಡುವ ಮಾತನ್ನು ‘ಹರಟೆ’ ಎಂದು ತಳ್ಳಿಹಾಕುವುದು ನಮಗೆ ತಕ್ಕುದಲ್ಲ.

ಕೂಟದ ಬೆಲೆ 2018ರ ಆಗಸ್ಟ್‌ನ ಭೂಕುಸಿತಗಳ ತರುವಾಯ ಇನ್ನಷ್ಟು ಸ್ಪಷ್ಟವಾಯಿತು. ಬೆಟ್ಟದ ಮಗ್ಗುಲಿನಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಹೊಸ ಮನೆಗಳಾದವು. ಸರ್ಕಾರ ಮನೆಯನ್ನು ಹಂಚಬಲ್ಲದು. ಬೇಲಿಯಾಚೆ ನಿಂತು ಮಾತಾಡುತ್ತಿದ್ದ ನೆರೆಯವಳನ್ನು ಹಂಚಲಾರದು. ಊರು ಬದಲಾದ ಮೇಲೆ ಹಳೆಯ ಗೆಳತಿಯರನ್ನು ಕೂಡಿಸಬಲ್ಲದ್ದು ತಾವೇ ನಿಶ್ಚಯಿಸಿಕೊಂಡ ಒಂದು ದಿನ ಮಾತ್ರ.

ನೇಮವಾಗಿಸುವ ಬಗೆ

ಮೊದಲನೆಯದಾಗಿ, ತಿಂಗಳಿಗೊಂದು ದಿನವನ್ನು ಗೊತ್ತುಮಾಡಬೇಕು. ಬಿಡುವಾದಾಗ ಎಂದರೆ ಬಿಡುವು ಬರುವುದಿಲ್ಲ. ಇಬ್ಬರೇ ಬಂದರೂ ಕೂಟ ನಡೆಯಬೇಕು.

ಎರಡನೆಯದಾಗಿ, ಮಳೆಗಾಲದಲ್ಲಿ ನಿಲ್ಲಿಸಬಾರದು. ಒಂಟಿತನ ಹೆಚ್ಚುವ ಕಾಲವೇ ಅದು. ದಾರಿ ಅಪಾಯಕರವಾದಾಗ ಹೊರಡುವುದು ಬೇಡ, ಅದೇ ಹೊತ್ತಿಗೆ ದೂರವಾಣಿಯಲ್ಲಿ ಮಾತಾಡಿದರಾಯಿತು.

ಮೂರನೆಯದಾಗಿ, ಉಪಚಾರ ಸರಳವಾಗಿರಲಿ. ಹೋಳಿಗೆ, ಪಾಯಸಗಳ ಪೈಪೋಟಿ ಆರಂಭವಾದರೆ ಮಧುಮೇಹಿಗಳಿಗೆ ಕಷ್ಟ, ಬಡ ಗೆಳತಿಗೆ ಸಂಕಟ. ಬೆಲ್ಲದ ಕಾಫಿಯ ಬದಲು ಬಿಸಿ ಕಷಾಯ, ಒಂದು ಹಿಡಿ ಹುರಿಗಾಳು ಸಾಕು. ಒಡವೆ, ಮಕ್ಕಳ ಸಂಬಳಗಳ ಹೋಲಿಕೆ ಬೇಡ. ಕೂಟದಲ್ಲಿ ಕೇಳಿದ ಗುಟ್ಟು ಹೊಸಲು ದಾಟಬಾರದು.

ನಾಲ್ಕನೆಯದಾಗಿ, ಸಾಧ್ಯವಾದರೆ ಅರ್ಧ ಗಂಟೆ ಜೊತೆಯಾಗಿ ನಡೆಯಿರಿ. ಮೂಳೆ ಸವೆಯುವ ವಯಸ್ಸಿನಲ್ಲಿ ನಡಿಗೆ ಬಲು ಮುಖ್ಯ. ಮಾತಿನ ಜೊತೆಯಿದ್ದರೆ ದೂರ ತಿಳಿಯುವುದಿಲ್ಲ.

ಐದನೆಯದಾಗಿ, ಎರಡು ಸಲ ಬಾರದವಳ ಮನೆಗೆ ಮೂರನೆಯ ಸಲ ಎಲ್ಲರೂ ಹೋಗಬೇಕು. ಗಂಡನನ್ನು ಕಳೆದುಕೊಂಡವಳು, ರೋಗಿಯ ಸೇವೆಯಲ್ಲಿ ಸಿಕ್ಕಿಕೊಂಡವಳು, ಖಿನ್ನತೆಯಲ್ಲಿರುವವಳು ತಾವಾಗಿ ಹೊರಬರಲಾರರು. ಕೂಟದ ಅಗತ್ಯ ಹೆಚ್ಚಾಗಿರುವುದೂ ಅವರಿಗೇ.

ಮನೆಯ ಗಂಡಸರಿಗೂ ಒಂದು ಮಾತು. ಆ ಒಂದು ಸಂಜೆ ಅಡುಗೆಯನ್ನು, ಹಿರಿಯರ ಔಷಧವನ್ನು ನೀವು ನೋಡಿಕೊಳ್ಳಿ. ‘ಹೋಗಿ ಬಾ’ ಎಂದು ಬಾಯಲ್ಲಿ ಹೇಳಿ ಕೆಲಸವನ್ನು ಆಕೆಗಾಗಿಯೇ ಕಾದಿರಿಸಿದರೆ ಆಕೆ ಮನಸ್ಸನ್ನು ಅಡುಗೆಮನೆಯಲ್ಲಿಯೇ ಬಿಟ್ಟು ಹೊರಡುತ್ತಾಳೆ.

ಸದ್ಭಕ್ತೆಯರು ಈ ಲೇಖನವನ್ನು ಓದಿ ಮುಗಿಸಿದೊಡನೆ, ಬಹುದಿನದಿಂದ ಮಾತಾಡದ ಒಬ್ಬ ಗೆಳತಿಯನ್ನು ನೆನೆದು ಕರೆ ಮಾಡಲಿ. ಕುಶಲ ಕೇಳಿದ ಮೇಲೆ ಸೇರುವ ದಿನವನ್ನೂ ನಿಶ್ಚಯಿಸಿ, ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಲಿ.