ಜಿಪ್ಸಮ್ ಹಲಗೆಯ ಗೋಡೆ

ನಮ್ಮ ಮಡಕಶಿರ ಸೀಮೆಯ ರೈತರಿಗೆ ಜಿಪ್ಸಮ್ ಹೊಸ ಪದಾರ್ಥವೇನಲ್ಲ. ಕಡಲೆಕಾಯಿ ಗಿಡ ಹೂ ಬಿಡುವ ಕಾಲದಲ್ಲಿ ಎಕರೆಗೆ ಸುಮಾರು 200 ಕಿಲೋಗ್ರಾಂ ಜಿಪ್ಸಮ್ ಹಾಕಬೇಕೆಂದು ಕೃಷಿತಜ್ಞರು ಹೇಳುತ್ತಾರೆ. ಅದರಿಂದ ಕಾಯಿ ಚೆನ್ನಾಗಿ ತುಂಬುತ್ತದೆ. ಅದೇ ಜಿಪ್ಸಮ್ ಇಂದು ಹಲಗೆಯ ರೂಪ ತಾಳಿ ಮನೆ, ಕಚೇರಿಗಳ ಒಳಗೋಡೆಯೂ ಆಗಿದೆ. ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ಅರಿಯಲು ಮೊದಲು ಅದರ ಗುಣವನ್ನು ತಿಳಿಯೋಣ.

ನಮ್ಮ ಹಿರಿಯರು ಗೋಡೆಗೆ ಸುಣ್ಣದ ಗಾರೆಯನ್ನು ಬಳಿಯುತ್ತಿದ್ದರು. ಹಿಂದೂಪುರದ ಆಚೆಗಿರುವ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ 16ನೆಯ ಶತಮಾನದ ಮೇಲ್ಚಾವಣಿಯ ಚಿತ್ರಗಳು ಗಾರೆಯ ಮೇಲೆಯೇ ಉಳಿದುಬಂದಿವೆ. ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮರಳಿ ಕಲ್ಲಾಗುತ್ತದೆ. ಜಿಪ್ಸಮ್ಮಿನ ರೀತಿ ಬೇರೆ. ಅದರ ತೂಕದಲ್ಲಿ ನೂರಕ್ಕೆ ಸುಮಾರು 21 ಭಾಗ ನೀರು ಅಡಗಿದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಆ ನೀರಿನ ಮುಕ್ಕಾಲು ಪಾಲು ಹೋಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಉಳಿಯುತ್ತದೆ. ನೀರು ಬೆರೆಸಿದೊಡನೆ ಅದು ಕಳೆದುಕೊಂಡಿದ್ದನ್ನು ಮರಳಿ ಪಡೆದು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಮುರಿದ ಮೂಳೆಗೆ ಕಟ್ಟುವ ಪಟ್ಟಿಯೂ ಇದರದೇ. ಈ ಮುದ್ದೆಯನ್ನು ಎರಡು ದಪ್ಪ ಕಾಗದಗಳ ನಡುವೆ ಹರಡಿ, ಒಣಗಿಸಿದರೆ ಹಲಗೆ ಸಿದ್ಧ. ಬೆಂಕಿ ತಗುಲಿದಾಗ ಒಳಗಿನ ನೀರು ಆವಿಯಾಗುತ್ತ ಶಾಖವನ್ನು ತಡೆದು ಹಿಡಿಯುತ್ತದೆ. ಇದು ಅದರ ದೊಡ್ಡ ಗುಣ.

ಗೋಡೆ ಕಟ್ಟುವ ಕ್ರಮ ಹೀಗಿದೆ. ಮೊದಲು ಸತುವಿನ ಲೇಪವುಳ್ಳ ಉಕ್ಕಿನ ಪಟ್ಟಿಗಳಿಂದ ಚೌಕಟ್ಟನ್ನು ತೂಕದ ಗುಂಡಿನಿಂದ ಪರೀಕ್ಷಿಸಿ ನಿಲ್ಲಿಸಬೇಕು. ವಿದ್ಯುತ್ ತಂತಿಗಳನ್ನು ಒಳಗೆ ಎಳೆದ ಮೇಲೆ, ಸಾಮಾನ್ಯವಾಗಿ 12.5 ಮಿಲಿಮೀಟರ್ ದಪ್ಪದ ಹಲಗೆಗಳನ್ನು ಸ್ಕ್ರೂಗಳಿಂದ ಬಿಗಿಯಬೇಕು. ಸ್ಕ್ರೂವಿನ ತಲೆ ಮೇಲ್ಮೈಗಿಂತ ತುಸು ಒಳಗಿಳಿಯಬೇಕು. ಕಾಗದ ಮಾತ್ರ ಹರಿಯಬಾರದು, ಏಕೆಂದರೆ ಹಿಡಿತವೆಲ್ಲ ಆ ಕಾಗದದಲ್ಲಿದೆ. ಹಲಗೆಯ ಅಡಿ ನೆಲಕ್ಕೆ ತಾಗದೆ ಸ್ವಲ್ಪ ಮೇಲಿರಬೇಕು.

ಕೆಲಸದ ಮರ್ಮವಿರುವುದು ಸಂದುಗಳಲ್ಲಿ. ಸಂದಿನ ಮೇಲೆ ಪಟ್ಟಿಯನ್ನು ಅಂಟಿಸಿ, ಲೇಪವನ್ನು ಮೂರು ಸಲ, ಪ್ರತಿ ಸಲವೂ ಹಿಂದಿನದಕ್ಕಿಂತ ಅಗಲವಾಗಿ ಬಳಿಯುತ್ತಾರೆ. ಒಂದು ಲೇಪ ಒಣಗುವ ಮುನ್ನ ಮತ್ತೊಂದನ್ನು ಬಳಿದರೆ ಬಿರುಕು ಖಂಡಿತ. ಕೊನೆಗೆ ಉಪ್ಪುಕಾಗದದಿಂದ ಉಜ್ಜಿ, ದೀಪವನ್ನು ಗೋಡೆಗೆ ಓರೆಯಾಗಿ ಹಿಡಿದರೆ ಉಬ್ಬುತಗ್ಗುಗಳೆಲ್ಲ ಕಾಣುತ್ತವೆ. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರ. ಮೂಗುಬಾಯಿಗಳನ್ನು ಮುಚ್ಚಿಕೊಳ್ಳದೆ ಈ ಕೆಲಸಕ್ಕೆ ಯಾರೂ ಇಳಿಯಬಾರದು.

ಮನೆ ಕಟ್ಟಿಸುವ ಪೋಷಕರು ಮೂರು ಮಾತುಗಳನ್ನು ನೆನಪಿಡಬೇಕು. ಈ ಗೋಡೆ ಸೂರಿನ ಭಾರವನ್ನು ಹೊರಲಾರದು. ಆದುದರಿಂದ ಭಾರ ಹೊತ್ತ ಹಳೆಯ ಗೋಡೆಯನ್ನು ಕೆಡವಿ ಇದನ್ನು ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿ. ಬಚ್ಚಲುಮನೆಯ ತೇವದಲ್ಲಿ ಸಾಮಾನ್ಯ ಹಲಗೆ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಭಾರವಾದ ಕಪಾಟನ್ನು ಬರಿಯ ಹಲಗೆಗೆ ತೂಗುಹಾಕಿದರೆ ಕಿತ್ತುಬರುತ್ತದೆ. ಒಳಗಿನ ಚೌಕಟ್ಟಿಗೇ ಬಿಗಿಯಬೇಕು. ಒಂದು ಕೋಣೆಯನ್ನು ಎರಡಾಗಿ ವಿಭಾಗಿಸಲು ಈ ಗೋಡೆ ತಕ್ಕುದು: ಹಗುರ, ಬೇಗ ಏಳುತ್ತದೆ, ನೀರಿನ ಖರ್ಚು ಕಡಿಮೆ. ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ಈ ಕೊನೆಯ ಗುಣ ಸಣ್ಣದಲ್ಲ. ಆದರೆ ಬಿರುಕುಬಿಟ್ಟು ಒಸರುವ ಗೋಡೆಯನ್ನು ಮರೆಮಾಡಲು ಇದನ್ನು ನಿಲ್ಲಿಸಿದರೆ ಕೇಡು ಒಳಗೇ ಬೆಳೆಯುತ್ತದೆ. ತೇವದ ಮೂಲವನ್ನು ಮೊದಲು ಸರಿಪಡಿಸಿ, ಅನಂತರ ಗೋಡೆಯ ಅಂದವನ್ನು ನೋಡುವುದೇ ವಿವೇಕ.